ಕತೆಯ ಪಾತ್ರಗಳೆಲ್ಲ ಅವಳಿಜವಳಿಗಳಾದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಕತೆಯಲ್ಲಿ ಐದು ಪಾತ್ರಗಳಿವೆ. ಒಬ್ಬೊಬ್ಬರ ವಯಸ್ಸು, ಮೈಕಟ್ಟು, ಓದು, ಇಷ್ಟದ ಬಣ್ಣ ಎಲ್ಲವನ್ನೂ ಎರಡೆರಡು ಪುಟ ಬರೆದಿಟ್ಟುಕೊಂಡೇ ಶುರು ಮಾಡಿದೆ. ಆದರೂ ಓದಿದವರು ‘ಎಲ್ಲರೂ ಒಂದೇ ಥರ ಇದ್ದಾರೆ’ ಅನ್ನುತ್ತಾರೆ. ಎಲ್ಲಿ ತಪ್ಪಿದೆ?

ಉತ್ತರ: ಆ ಎರಡು ಪುಟಗಳಲ್ಲೇ. ಇಷ್ಟದ ಬಣ್ಣದಿಂದ ಕತೆಯಲ್ಲಿ ಏನೂ ನಡೆಯುವುದಿಲ್ಲ. ಅದನ್ನು ಬದಿಗಿಟ್ಟು ಪ್ರತಿ ಪಾತ್ರಕ್ಕೆ ಮೂರೇ ಸಾಲು ಬರೆಯಿರಿ: ಇವರಿಗೆ ಈಗ ಏನು ಬೇಕು, ಅದಕ್ಕಾಗಿ ಎಷ್ಟರ ಮಟ್ಟಿಗೆ ಇಳಿಯಬಲ್ಲರು, ಯಾವ ಸಂಗತಿಯನ್ನು ಮುಚ್ಚಿಡುತ್ತಾರೆ. ‘ಸುಖವಾಗಿರಬೇಕು’ ಎಂಬಂಥ ಉತ್ತರ ನಡೆಯದು. ‘ತಂಗಿಗೆ ಗೊತ್ತಾಗುವ ಮುಂಚೆ ಸಾಲ ತೀರಬೇಕು’ ಎಂಬಷ್ಟು ಖಚಿತವಾಗಿರಲಿ.

ಆಮೇಲೆ ಐವರನ್ನೂ ಒಂದೇ ಇಕ್ಕಟ್ಟಿಗೆ ಸಿಕ್ಕಿಸಿ. ಪಕ್ಕದ ಮನೆಯವರ ಪತ್ರ ತಪ್ಪಿ ಇವರ ಕೈಗೆ ಬಂದಿದೆ, ಲಕೋಟೆಯ ಅಂಟು ಬಿಟ್ಟಿದೆ ಎನ್ನೋಣ. ಒಬ್ಬರು ಮತ್ತೆ ಅಂಟಿಸಿ ಕೊಟ್ಟು ಬರುತ್ತಾರೆ. ಒಬ್ಬರು ಓದುತ್ತಾರೆ, ಓದಿಲ್ಲವೆಂದು ಕೇಳದಿದ್ದರೂ ಆಣೆ ಹಾಕುತ್ತಾರೆ. ಇನ್ನೊಬ್ಬರು ಓದಲೂ ಆಗದೆ ಕೊಡಲೂ ಆಗದೆ ವಾರವಿಡೀ ಮೇಜಿನ ಮೇಲೆ ಇಟ್ಟುಕೊಂಡು ಒದ್ದಾಡುತ್ತಾರೆ. ಒಬ್ಬೊಬ್ಬರಿಗೆ ನೂರು ಪದ ಸಾಕು. ಇದು ಅಭ್ಯಾಸ, ಕತೆಗೆ ಸೇರಬೇಕಿಲ್ಲ.

ಇಬ್ಬರು ಒಂದೇ ಕೆಲಸವನ್ನು ಒಂದೇ ಕಾರಣಕ್ಕೆ ಮಾಡಿದರೆ ಅವರನ್ನು ಸೇರಿಸಿ ಒಬ್ಬರನ್ನಾಗಿಸಿ. ಕೆಲಸ ಒಂದೇ, ಕಾರಣ ಬೇರೆ ಎಂದಾದರೆ ಇಬ್ಬರನ್ನೂ ಉಳಿಸಿಕೊಳ್ಳಿ. ಮುಂದಿನ ಜಗಳ ಅಲ್ಲೇ ಕಾದಿದೆ. (ಎರಡು ಸಾವಿರ ಪದಗಳ ಕತೆಯಾದರೆ ಐದು ಪಾತ್ರ ಹೇಗೂ ಹೆಚ್ಚೇ.)

ಪ್ರಶ್ನೆ: ಮಾತಿನಲ್ಲಿ ವ್ಯತ್ಯಾಸ ತರಲು ಒಬ್ಬೊಬ್ಬರಿಗೆ ಒಂದೊಂದು ಪಲ್ಲವಿ ಕೊಟ್ಟಿದ್ದೇನೆ. ಒಬ್ಬ ಮಾತುಮಾತಿಗೂ ‘ಗೊತ್ತಾಯ್ತಾ?’ ಅನ್ನುತ್ತಾನೆ. ಸಾಕೇ?

ಉತ್ತರ: ಮೂರನೆಯ ಸಲಕ್ಕೆ ಓದುಗರಿಗೆ ರೇಜಿಗೆಯಾಗುತ್ತದೆ. ಪಲ್ಲವಿಗಿಂತ, ಕೇಳಿದ್ದಕ್ಕೆ ಹೇಗೆ ಉತ್ತರಿಸುತ್ತಾರೆ ಎನ್ನುವುದರಲ್ಲಿ ಮನುಷ್ಯ ಹೆಚ್ಚು ಕಾಣುತ್ತಾನೆ. ‘ಊಟ ಆಯ್ತಾ?’ ಎಂಬ ಪ್ರಶ್ನೆಗೇ ನೋಡಿ:

‘ಆಯ್ತು.’
‘ಯಾರು ಬಡಿಸಿದ್ರು ಅಂತ ಆಗ್ಬೇಕು?’
‘ನಿಮ್ದು ಮೊದ್ಲು ಆಗ್ಲಿ ಬಿಡಿ.’

ಮೂವರೂ ಬೇರೆ ಎಂದು ಹೇಳಿಕೊಡಬೇಕಾಗಿಲ್ಲ. ನೀನು–ನೀವುಗಳನ್ನೂ ದುಡಿಸಿಕೊಳ್ಳಿ: ಸದಾ ‘ನೀವು’ ಅನ್ನುವ ಹೆಂಗಸು ಸಿಟ್ಟಿನಲ್ಲಿ ಒಮ್ಮೆ ‘ನೀನು’ ಅಂದರೆ ‘ಅವಳು ಕೆರಳಿದಳು’ ಎಂಬ ವಾಕ್ಯವನ್ನು ಹೊಡೆದುಹಾಕಬಹುದು. ಆಡುನುಡಿಯನ್ನು ಕೆಲಸದವರ ಬಾಯಿಗೆ ಮಾತ್ರ ಹಾಕಿ, ಉಳಿದವರಿಂದೆಲ್ಲ ಪುಸ್ತಕದ ಕನ್ನಡ ಮಾತಾಡಿಸುವುದು ಹಳೆಯ ಚಾಳಿ. ಅದರಿಂದ ಪಾತ್ರ ಹುಟ್ಟುವುದಿಲ್ಲ, ನಗೆಪಾಟಲು ಹುಟ್ಟುತ್ತದೆ.

ಬರೆದಾದ ಮೇಲೆ ಸಂಭಾಷಣೆಯಲ್ಲಿನ ಹೆಸರುಗಳನ್ನೆಲ್ಲ ಮುಚ್ಚಿ, ಕತೆ ಗೊತ್ತಿಲ್ಲದವರಿಗೆ ಕೊಡಿ. ಯಾರ ಮಾತು ಯಾರದೆಂದು ಅವರು ತಡವರಿಸಿದ ಸಾಲುಗಳಿಗೆ ಗುರುತು ಹಾಕಿ, ಅಷ್ಟನ್ನೇ ತಿದ್ದಿ.

ಪ್ರಶ್ನೆ: ಖಳನನ್ನು ಎಷ್ಟು ಕೆಟ್ಟವನನ್ನಾಗಿ ಮಾಡಬಹುದು?

ಉತ್ತರ: ಎಷ್ಟಾದರೂ. ಆದರೆ ಅವನ ಲೆಕ್ಕದಲ್ಲಿ ಅವನೇ ಸರಿ ಇರಬೇಕು. ಅವನ ಪರವಾಗಿ ವಕೀಲನಂತೆ ಅರ್ಧ ಪುಟ ವಾದ ಬರೆಯಿರಿ. ಬರೆಯಲಾಗದಿದ್ದರೆ ಅವನಿನ್ನೂ ನಿಮಗೆ ಪರಿಚಯವಾಗಿಲ್ಲ.

ಪ್ರಶ್ನೆ: ಹೆಸರಿಡುವಾಗ ಏನು ನೋಡಬೇಕು?

ಉತ್ತರ: ರಮೇಶ, ರಾಜೇಶ, ರಾಕೇಶ ಒಂದೇ ಮನೆಯಲ್ಲಿ ಬೇಡ. ಮೊದಲ ಅಕ್ಷರವೂ ಉದ್ದವೂ ಬೇರೆಯಾಗಿರಲಿ.