ಪರದೇಶದಲ್ಲಿ ಬತ್ತಿಹೋದ ಪ್ರಾರ್ಥನೆ

ಇಲ್ಲಿಗೆ ಬಂದು ಮೂರು ತಿಂಗಳಾಯಿತು, ಕೆಲಸವೂ ಕೋಣೆಯೂ ಸಿಕ್ಕಿವೆ, ಆದರೆ ಪ್ರಾರ್ಥನೆ ಬತ್ತಿಹೋಗಿದೆ, ದೇವರನ್ನು ಊರಿನಲ್ಲೇ ಬಿಟ್ಟು ಬಂದೆನೇನೋ ಅನ್ನಿಸುತ್ತದೆ ಎಂದು ಬರೆದಿದ್ದೀರಿ; ಪರದೇಶದ ಬದುಕು ಎಲ್ಲರಿಗೂ ಹೀಗೆಯೇ ಎಂದೂ ಕೇಳಿದ್ದೀರಿ. ನನಗೂ ಮೊದಲ ವರ್ಷವಿಡೀ ಹೀಗೆಯೇ ಇತ್ತು. ಆದ್ದರಿಂದ ಇದನ್ನು ವಿಶ್ವಾಸದ ಕೊರತೆಯೆಂದು ಎಣಿಸಿ ನಿಮ್ಮನ್ನು ನೀವೇ ದೂಷಿಸಿಕೊಳ್ಳಬೇಡಿ.

ಮನೆಯಲ್ಲಿದ್ದಾಗ ನಮ್ಮ ಪ್ರಾರ್ಥನೆಗೆ ಎಷ್ಟೊಂದು ಆಸರೆಗಳಿದ್ದವೆಂಬುದು ಅವು ಇಲ್ಲವಾದಾಗಲೇ ತಿಳಿಯುವುದು. ಸಂಜೆಯಾದರೆ ಯಾರೋ ಸತ್ಯವೇದ ತೆರೆಯುತ್ತಿದ್ದರು, ಇನ್ನಾರೋ ಹಾಡು ಎತ್ತಿಕೊಳ್ಳುತ್ತಿದ್ದರು, ನಾವು ದನಿಗೂಡಿಸಿದರೆ ಸಾಕಾಗಿತ್ತು. ಇಲ್ಲಿ ಮೊದಲ ಮಾತು ನಮ್ಮ ಬಾಯಿಂದಲೇ ಹೊರಡಬೇಕು. ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋಗಿದ್ದ ದಾನಿಯೇಲನನ್ನು ನಾನು ಮತ್ತೆ ಮತ್ತೆ ನೆನೆಯುವುದು ಇದಕ್ಕಾಗಿಯೇ. ಸಿಂಹಗಳ ಗವಿಯ ಸಂಗತಿ ಎಲ್ಲರಿಗೂ ಗೊತ್ತು. ನೀವು ದಾನಿಯೇಲನ ಗ್ರಂಥದ 6ನೇ ಅಧ್ಯಾಯದ 10ನೇ ವಚನವನ್ನು ನಿಧಾನವಾಗಿ ಓದಿ. ಅರಸನಿಗೆ ಹೊರತು ಬೇರಾರಿಗೂ ಪ್ರಾರ್ಥಿಸಕೂಡದೆಂಬ ಆಜ್ಞೆಗೆ ರುಜುವಾದದ್ದು ತಿಳಿದ ಮೇಲೂ ಅವನು, ಯೆರೂಸಲೇಮಿನ ಕಡೆಗೆ ಕಿಟಕಿ ತೆರೆದಿದ್ದ ತನ್ನ ಮನೆಗೆ ಹೋಗಿ, ಎಂದಿನಂತೆಯೇ ದಿನಕ್ಕೆ 3 ಸಲ ಮೊಣಕಾಲೂರಿ ಪ್ರಾರ್ಥಿಸಿದನು, ಸ್ತೋತ್ರ ಸಲ್ಲಿಸಿದನು. ಆ ದಿನಕ್ಕೆಂದು ಅವನು ಹೊಸದೇನನ್ನೂ ಮಾಡಲಿಲ್ಲ. ವರ್ಷಗಟ್ಟಲೆ ನಡೆದು ಸವೆದ ದಾರಿ ಅದು.

ಅಂಥದೊಂದು ಹೊತ್ತನ್ನೂ ಜಾಗವನ್ನೂ ನೀವೂ ಗೊತ್ತುಮಾಡಿಕೊಳ್ಳಿ. ನನ್ನದು ಮಂಚಕ್ಕೂ ಗೋಡೆಗೂ ನಡುವಿನ ಎರಡಡಿ ನೆಲ. ಕೆಲಸಕ್ಕೆ ಹೊರಡುವ ಮೊದಲು ಬರಿಗಾಲಿನಲ್ಲಿ ಅಲ್ಲಿ ಹತ್ತು ನಿಮಿಷ ಮೊಣಕಾಲೂರುತ್ತಿದ್ದೆ. ಮಾತೇ ಹೊರಡದ ದಿನಗಳಲ್ಲಿ ಹೊದಿಕೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು "ಕರ್ತನೇ" ಎಂದಷ್ಟೇ ಹೇಳಿ ಏಳುತ್ತಿದ್ದೆ. ಅದೂ ಪ್ರಾರ್ಥನೆಯೇ. ಏನು ಬೇಡಬೇಕೆಂದು ನಮಗೆ ತಿಳಿಯದಿರುವಾಗ ಪವಿತ್ರಾತ್ಮನು ಮಾತಿಗೆ ನಿಲುಕದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆಂದು ಪೌಲನು ರೋಮಾಪುರದವರಿಗೆ ಬರೆದದ್ದನ್ನು ನಾನು ಅಂಥ ಬೆಳಗುಗಳಲ್ಲೇ ಅರಿತುಕೊಂಡದ್ದು. ಇಲ್ಲಿನ ಸಭೆಗೆ ತಪ್ಪದೆ ಹೋಗಿ, ಅವರ ಭಾಷೆಯಲ್ಲಿ ಹಾಡಲು ಕಲಿಯಿರಿ. ಆದರೆ ಒಬ್ಬರೇ ಇರುವಾಗ ಕನ್ನಡದಲ್ಲೇ ಪ್ರಾರ್ಥಿಸಿ, ಏಕೆಂದರೆ ಅಳು ಬರುವುದು ತಾಯಿನುಡಿಯಲ್ಲೇ.

ವೀಸಾದ್ದು, ಕೆಲಸದ್ದು, ಮುಂದಿನ ಐದು ವರ್ಷಗಳದ್ದು ಎಲ್ಲ ಚಿಂತೆಯನ್ನೂ ಒಂದೇ ಬೆಳಗಿಗೆ ಹೊರಿಸಬೇಡಿ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನ ದೊರೆತದ್ದು ಆಯಾ ದಿನಕ್ಕೆ ಬೇಕಾದಷ್ಟೇ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ನಾವು ಬೇಡುವುದೂ ಅನುದಿನದ ಆಹಾರವನ್ನೇ.

ನನ್ನ ಪ್ರಾರ್ಥನೆಗೆ ಮತ್ತೆ ಒರತೆ ಬಂದದ್ದು ಮಾತ್ರ ಇನ್ನೊಂದು ಕಡೆಯಿಂದ. ಪ್ರವಾದಿ ಯೆರೆಮೀಯನು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ ಅವನ ಗ್ರಂಥದ 29ನೇ ಅಧ್ಯಾಯದಲ್ಲಿದೆ: ಅಲ್ಲಿ ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿರಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದು ಅದರಲ್ಲಿ ಹೇಳಿದೆ. ತಮ್ಮನ್ನು ಸೆರೆಯೊಯ್ದವರ ಪಟ್ಟಣಕ್ಕಾಗಿ! ಅದನ್ನು ಓದಿದ ರಾತ್ರಿ ಪಕ್ಕದ ಕೋಣೆಯವನ ಕೆಮ್ಮು ಎಂದಿನಂತೆ ಗೋಡೆಯಾಚೆಯಿಂದ ಕೇಳುತ್ತಿತ್ತು. ಅಷ್ಟು ದಿನ ಅದು ನನ್ನ ನಿದ್ದೆಗೆಡಿಸುವ ಸದ್ದಾಗಿತ್ತು. ಅಂದು ಮೊದಲ ಬಾರಿಗೆ ಎದ್ದು ಕುಳಿತು ಅವನಿಗಾಗಿ ಬೇಡಿಕೊಂಡೆ. ಪ್ರಾರ್ಥನೆಯಲ್ಲಿ ಹೇಳಲು ಅವನ ಹೆಸರೂ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಮೆಟ್ಟಿಲ ಬಳಿ ಕಾದು ನಿಂತು ಕೇಳಿದೆ.