ನೆಲದಾಳದ ‘ಸಾಗರ’ ಮತ್ತು ನಮ್ಮ ಕೊಳವೆಬಾವಿ

ಪ್ರಶ್ನೆ: ಭೂಮಿಯ 700 ಕಿ.ಮೀ. ಆಳದಲ್ಲಿ ಸಮುದ್ರಗಳ ಮೂರು ಪಟ್ಟು ನೀರಿದೆಯಂತೆ. ನಮ್ಮ ತೋಟದಲ್ಲಿ 1,400 ಅಡಿ ಕೊರೆದರೂ ಬರೀ ದೂಳು ಬಂದಿದೆ. ಇನ್ನು 300 ಅಡಿ ಇಳಿಸಿದರೆ ಆ ನೀರಿನ ಸೆಲೆ ಸಿಗುತ್ತದೆ ಎಂದು ಪಾಯಿಂಟ್ ನೋಡಿದವರು ವಿಡಿಯೊ ತೋರಿಸಿ ಹೇಳುತ್ತಿದ್ದಾರೆ. ಕೊರೆಸಬಹುದೇ? (ಚಿಂತಾಮಣಿ ತಾಲ್ಲೂಕಿನ ರೈತರು)

ಉತ್ತರ: ದಯವಿಟ್ಟು ಕೊರೆಸಬೇಡಿ. ಇದೇ ವಿಡಿಯೊ ಹಿಡಿದು ಕೇಳುವ ಪತ್ರಗಳು ಶ್ರೀನಿವಾಸಪುರದಿಂದಲೂ ಬಾಗೇಪಲ್ಲಿಯಿಂದಲೂ ಬರುತ್ತಲೇ ಇವೆ. ಆ ಮಾತು ನಂಬಿ ಒಡವೆ ಅಡವಿಟ್ಟು ನಾಲ್ಕನೆಯ ಬಾವಿ ಕೊರೆಸಿದ ಕುಟುಂಬವೊಂದನ್ನು ನಾನು ಹತ್ತಿರದಿಂದ ಬಲ್ಲೆನಾದ್ದರಿಂದ, ಈ ಸಲ ವಿವರವಾಗಿಯೇ ಬರೆಯುತ್ತೇನೆ.

ಆ ಸುದ್ದಿಯ ಮೂಲ 2014ರ ಒಂದು ಸಂಶೋಧನೆ. ಬ್ರೆಜಿಲ್‌ನ ಜುಯಿನಾ ಪ್ರದೇಶದಲ್ಲಿ ಸಿಕ್ಕ ಪುಟ್ಟ ವಜ್ರವೊಂದರೊಳಗೆ ರಿಂಗ್‌ವುಡೈಟ್ ಎಂಬ ಖನಿಜದ, ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಸಿಕ್ಕಿಕೊಂಡಿತ್ತು, ಅದರ ತೂಕದಲ್ಲಿ ಶೇ 1.5ರ ಆಸುಪಾಸು ನೀರಿನ ಅಂಶವಿತ್ತು. ಈ ಖನಿಜ ನೆಲದಡಿ ಸುಮಾರು 520ರಿಂದ 660 ಕಿ.ಮೀ. ನಡುವೆ, ನಮ್ಮ ಮೇಲಿನ ಗಾಳಿಯ ಒತ್ತಡದ ಸುಮಾರು 2 ಲಕ್ಷ ಪಟ್ಟು ಒತ್ತಡದಲ್ಲಿ ಮಾತ್ರ ನೆಲೆಯಾಗಿ ನಿಲ್ಲುತ್ತದೆ. ಅಲ್ಲಿರುವ ನೀರು ಹರಿಯುವ ನೀರಲ್ಲ, ಆವಿಯೂ ಅಲ್ಲ. ಜಲಜನಕ ಮತ್ತು ಆಮ್ಲಜನಕದ ಜೋಡಿಯಾಗಿ ಹರಳಿನ ಕಟ್ಟಿನೊಳಗೇ ಸೇರಿಹೋಗಿರುವಂಥದ್ದು.

ಇದು ಅರ್ಥವಾಗಬೇಕಾದರೆ ಸುಣ್ಣವನ್ನು ನೋಡಿ. ಸುಟ್ಟ ಸುಣ್ಣದ ಹರಳಿನ ಮೇಲೆ ನೀರು ಹೊಯ್ದರೆ ಅದು ಬುಸುಗುಟ್ಟಿ, ಕಾದು, ಬಿರಿದು, ಕೊನೆಗೆ ಕೈಗೆ ಒಣಗಿದಂತೆ ಹತ್ತುವ ಹುಡಿಯಾಗುತ್ತದೆ. ಒಂದು ಕಿಲೊ ಅರಳಿದ ಒಣ ಸುಣ್ಣದಲ್ಲಿ ಸುಮಾರು 240 ಗ್ರಾಂ ನೀರು ಅಡಗಿರುತ್ತದೆ, ಆದರೆ ಎಷ್ಟು ಹಿಂಡಿದರೂ ಒಂದು ತೊಟ್ಟು ಬರುವುದಿಲ್ಲ. ಬ್ರೆಜಿಲ್‌ನ ಆ ಕಣದಂಥ ಕಲ್ಲು ಒಂದು ಕಿಲೊ ಸಿಕ್ಕರೂ ಅದರಲ್ಲಿ ಇರುವುದು 15 ಗ್ರಾಂ. ಇನ್ನು ‘ಮೂರು ಪಟ್ಟು ಸಮುದ್ರ’ ಎಂಬ ಲೆಕ್ಕ, ಆ ಆಳದ ಇಡೀ ಪದರ ಇದೇ ಪ್ರಮಾಣದಲ್ಲಿ ನೀರು ಹಿಡಿದಿದೆ ಎಂದು ಊಹಿಸಿಕೊಂಡರೆ ಬರುವ ಮೇಲಿನ ಮಿತಿ. ಒಂದು ವಜ್ರದ ಒಂದು ಕಣ ಒಂದು ಜಾಗದ ಸಂಗತಿಯನ್ನಷ್ಟೇ ಹೇಳಬಲ್ಲದು.

ಅಷ್ಟು ಆಳ ಹೇಗೆ ಗೊತ್ತಾಯಿತು ಎಂದೂ ಕೇಳುತ್ತೀರಿ. ಭೂಕಂಪದ ಅಲೆಗಳ ವೇಗ 410 ಮತ್ತು 660 ಕಿ.ಮೀ. ಆಳದಲ್ಲಿ ಥಟ್ಟನೆ ಏರುತ್ತದೆ. ಎರಡು ವಜ್ರಗಳ ಮೊನೆಗಳ ನಡುವೆ ಕೂದಲೆಳೆಯಷ್ಟು ಖನಿಜವನ್ನಿಟ್ಟು ಒತ್ತಿ, ಲೇಸರಿನಿಂದ ಕಾಯಿಸಿ, ಎಕ್ಸ್‌-ಕಿರಣ ಹಾಯಿಸಿ ನೋಡಿದರೆ, ಸರಿಯಾಗಿ ಆ ಆಳಗಳ ಒತ್ತಡದಲ್ಲೇ ಆಲಿವಿನ್ ಎಂಬ ಖನಿಜ (ಹೆಚ್ಚಿನ ಒತ್ತಡದಲ್ಲಿ ಇದು ತಾಳುವ ರೂಪವೇ ರಿಂಗ್‌ವುಡೈಟ್) ತನ್ನ ಹರಳಿನ ಕಟ್ಟು ಬದಲಿಸುವುದು ಕಾಣುತ್ತದೆ. ಅಲೆ ಹೇಳುವುದನ್ನು ಪ್ರಯೋಗಾಲಯದ ಹರಳಿನೊಂದಿಗೆ ತಾಳೆ ಹಾಕುವ ಈ ಕೆಲಸವೇ ಖನಿಜ ಭೌತವಿಜ್ಞಾನ. ಇದನ್ನು ಊಹೆ ಎಂದು ಕರೆಯುವವರ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ.

ಈಗ ನಿಮ್ಮ ತೋಟಕ್ಕೆ ಬರೋಣ. 1,700 ಅಡಿ ಎಂದರೆ ಅರ್ಧ ಕಿ.ಮೀ.; ರಿಂಗ್‌ವುಡೈಟ್ ಪದರ ಶುರುವಾಗುವುದು ಅದರ ಸಾವಿರ ಪಟ್ಟು ಆಳದಲ್ಲಿ. ರಷ್ಯಾದ ಕೋಲಾದಲ್ಲಿ 1970ರಿಂದ ಕೊರೆದು 1989ರಲ್ಲಿ ಮುಟ್ಟಿದ ಆಳ 12,262 ಮೀಟರ್. ಮನುಷ್ಯ ಅದಕ್ಕಿಂತ ನೇರವಾಗಿ ಕೆಳಕ್ಕೆ ಹೋಗಿಲ್ಲ. ನಮ್ಮ ಸೀಮೆಯ ಗ್ರಾನೈಟ್ ಮತ್ತು ನೈಸ್ ಬಂಡೆಗಳಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ, ಅವುಗಳನ್ನು ತುಂಬುವುದು ಮಳೆ. ಆಳಕ್ಕೆ ಹೋದಂತೆ ಮೇಲಿನ ಭಾರಕ್ಕೆ ಬಿರುಕುಗಳು ಮುಚ್ಚಿಕೊಳ್ಳುತ್ತ ಹೋಗುತ್ತವೆ. ಒಂದು ವೇಳೆ ನೀರು ಸಿಕ್ಕರೂ ಫ್ಲೋರೈಡ್ ಪರೀಕ್ಷೆ ಮಾಡಿಸದೆ ಮಕ್ಕಳಿಗೆ ಕುಡಿಸಬೇಡಿ. ಆ 300 ಅಡಿಯ ಹಣವನ್ನು, ನೀರು ಕೊಡುತ್ತಿದ್ದು ಈಗ ಸೊರಗಿರುವ ಬಾವಿ ನಿಮ್ಮಲ್ಲಿದ್ದರೆ, ಅದರ ಸುತ್ತ ಇಂಗುಗುಂಡಿ ತೆಗೆಸಲು ಬಳಸಿ. ವಿಡಿಯೊ ತೋರಿಸಿ ಬೋರ್ ಲಾರಿ ಕರೆಸುವವರು ಮಾಡುತ್ತಿರುವುದು ವಂಚನೆ.

ಪ್ರಶ್ನೆ: ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಂತರೆ ಕೆಳಗೆ ನೀರಿದೆ ಎಂಬುದು ನಿಜವೇ?

ಉತ್ತರ: ಇಲ್ಲ.

ಪ್ರಶ್ನೆ: ಕೆಜಿಎಫ್ ಗಣಿಯ ತಳದಲ್ಲಿ ವಿಪರೀತ ಸೆಕೆ ಇತ್ತು ಎಂದು ನಮ್ಮ ತಾತ ಹೇಳುತ್ತಿದ್ದರು. ಅದರ ಕೆಳಗೆ ಲಾವಾ ಇದೆಯೇ?

ಉತ್ತರ: ತಾತ ಹೇಳಿದ ಸೆಕೆ ನಿಜ, ಲಾವಾ ಸುಳ್ಳು. ದ್ರವದಲ್ಲಿ ಸಾಗಲಾರದ ಭೂಕಂಪದ ಅಡ್ಡ ಅಲೆಗಳು 2,890 ಕಿ.ಮೀ. ಆಳದವರೆಗೂ ಸಾಗುತ್ತವೆಯಾದ್ದರಿಂದ, ಅಲ್ಲಿಯವರೆಗೆ ಇರುವುದು ಬಹುಮಟ್ಟಿಗೆ ಗಟ್ಟಿ ಕಲ್ಲು.

ಪ್ರಶ್ನೆ: ಮಂಗಳ ಗ್ರಹದ ಒಳಗೂ ಇದೇ ಪದರಗಳಿವೆಯೇ?

ಉತ್ತರ: ಖನಿಜಗಳು ಅವೇ, ಆಳ ಬೇರೆ. ಮಂಗಳದ ಗುರುತ್ವ ನಮ್ಮದರ ಶೇ 38ರಷ್ಟು ಮಾತ್ರವಾದ್ದರಿಂದ ಒತ್ತಡ ನಿಧಾನವಾಗಿ ಏರುತ್ತದೆ; ಇಲ್ಲಿ 410 ಕಿ.ಮೀ.ಯಲ್ಲಿ ಆಗುವ ಆಲಿವಿನ್‌ನ ಬದಲಾವಣೆ ಅಲ್ಲಿ 1,000 ಕಿ.ಮೀ. ಆಸುಪಾಸಿನಲ್ಲಿ ಆಗುತ್ತದೆ. 2018ರಲ್ಲಿ ಅಲ್ಲಿ ಇಳಿದ ಇನ್‌ಸೈಟ್ ನೌಕೆಯ ಕಂಪನಮಾಪಕ ಈ ಲೆಕ್ಕಕ್ಕೆ ಬೇಕಾದ ಅಲೆಗಳನ್ನು ದಾಖಲಿಸಿತು.