ಅಧ್ಯಕ್ಷರ ವಿಡಿಯೊ: ಚಿಕಿತ್ಸೆ ಗುಟ್ಟಾಗಿರಲಿ, ಹುದ್ದೆಗೆ ಲೆಕ್ಕ ಕೊಡಿ

(ಗುರುತು ಸಿಗದಂತೆ ವಯಸ್ಸು, ಉದ್ಯೋಗ, ಊರು ಮತ್ತು ಘಟನೆಗಳ ಕ್ರಮವನ್ನು ಬದಲಿಸಿದೆ. ಸಂಬಂಧಪಟ್ಟವರ ಲಿಖಿತ ಒಪ್ಪಿಗೆ ಇದೆ.)

ಆಪ್ತಸಲಹೆಗೆ ಬಂದವರು ಕಾರವಾರ–ಅಂಕೋಲಾ ಕಡೆಯ ಒಂದು ಕಬಡ್ಡಿ ಕ್ಲಬ್ಬಿನ ಅಧ್ಯಕ್ಷರು. ವಯಸ್ಸು ನಲವತ್ತೈದರ ಆಸುಪಾಸು, ಕಟ್ಟಡ ಸಾಮಗ್ರಿಯ ವ್ಯಾಪಾರ, ಬಿಪಿ ಮಾತ್ರೆ ನಡೆಯುತ್ತಿದೆ. ಕ್ಲಬ್ಬು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತ. ಶಾಲಾ ಮಕ್ಕಳಿಗೆ ಬೆಳಿಗ್ಗೆ ತರಬೇತಿ, ಚಳಿಗಾಲದಲ್ಲಿ ಹೊನಲು ಬೆಳಕಿನ ಪಂದ್ಯಾವಳಿ, ಜೂನ್ 26ಕ್ಕೆ ಮಾದಕ ವಸ್ತು ವಿರೋಧಿ ದಿನದ ಜಾಥಾ. ಜಾಥಾದಲ್ಲಿ ಮಕ್ಕಳಿಗೆ ಪ್ರತಿಜ್ಞೆ ಬೋಧಿಸುತ್ತಿದ್ದವರು ಇವರೇ. ಗೋವಾದ ಹೋಟೆಲ್ ಕೋಣೆಯಲ್ಲಿ ಸುತ್ತಿದ ನೋಟಿನಿಂದ ಬಿಳಿ ಪುಡಿಯನ್ನು (ಕೊಕೇನ್) ಮೂಗಿಗೆ ಎಳೆಯುತ್ತಿರುವ ಅವರ ವಿಡಿಯೊ ತುಣುಕು ಊರಿನ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿತು. ಒಂಬತ್ತನೇ ದಿನ ಹೆಂಡತಿ ಅವರನ್ನು ಕರೆತಂದರು.

ಬರುವಾಗಲೇ ಅವರ ತಲೆಯಲ್ಲಿ ಮೂರು ಯೋಜನೆಗಳಿದ್ದವು: ವಿಡಿಯೊ ಎಐನಿಂದ ಮಾಡಿದ ನಕಲಿ ಎಂದು ಪೊಲೀಸರಿಗೆ ದೂರು ಕೊಡುವುದು, ಖಾಸಗಿ ಲ್ಯಾಬಿನಲ್ಲಿ ಮೂತ್ರ ಪರೀಕ್ಷೆ ಮಾಡಿಸಿ ವರದಿಯನ್ನು ಕ್ಲಬ್ಬಿನ ಗುಂಪಿಗೆ ಹಾಕುವುದು, ಆಪ್ತಸಲಹೆಗಾರರಿಂದ ‘ಇವರಿಗೆ ಯಾವ ಚಟವೂ ಇಲ್ಲ’ ಎಂಬ ಪತ್ರ ಪಡೆಯುವುದು. “ಸರ್, ನಾ ಕ್ಲಬ್ಬಿಂದು ಒಂದ್ ರೂಪಾಯಿ ಮುಟ್ಟಿದವ ಅಲ್ಲ. ನನ್ ದುಡ್ಡು, ನನ್ ಶನಿವಾರ. ಇವ್ರಿಗೆಲ್ಲ ಎಂತಕ್ಕೆ ಉತ್ರ ಕೊಡೂದು?”

ಆ ಪ್ರಶ್ನೆಗೆ ಬರುವ ಮೊದಲು ಕೇಳಲೇಬೇಕಾದದ್ದು ಬೇರೆ ಇತ್ತು. ಮಾನ ಹೋಯಿತೆಂದು ಕುಗ್ಗಿದವರಲ್ಲಿ ಸಾಯುವ ಯೋಚನೆ ಇದೆಯೇ ಎಂದು ಸುತ್ತಿಬಳಸದೆ ಕೇಳಬೇಕು; ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಜೊತೆಗೆ, ಕೊಕೇನ್ ಇಳಿದ ಮೇಲಿನ ಕೆಲವು ದಿನ ಮನಸ್ಸು ತಾನಾಗಿಯೇ ಕುಸಿಯುತ್ತದೆ. ಅವಮಾನ ಅದರ ಮೇಲೆ ಬಿದ್ದರೆ ಅಪಾಯ ಹೆಚ್ಚು. ಅಧ್ಯಕ್ಷರಿಗೆ ‘ಬದುಕು ಸಾಕು’ ಅನ್ನಿಸಿದ್ದು ನಿಜ, ಆದರೆ ಹೇಗೆ, ಯಾವಾಗ ಎಂಬ ಲೆಕ್ಕಾಚಾರ ಇರಲಿಲ್ಲ. ಅಂದೇ ಬರೆದ ಸುರಕ್ಷತಾ ಯೋಜನೆ: ತೋಟದ ಔಷಧಿ ಇಡುವ ಕೋಣೆಯ ಕೀಲಿ ತಮ್ಮನ ಕೈಗೆ, ಮಾತ್ರೆಗಳು ಹೆಂಡತಿಯ ಕೈಗೆ, ರಾತ್ರಿ ಒಬ್ಬರೇ ಮಲಗುವುದು ಬೇಡ, ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ. ಎರಡು ವಾರ ವಾಟ್ಸಾಪ್ ಗುಂಪುಗಳಿಂದ ದೂರ. ಏನೇ ಮುಖ್ಯ ಸುದ್ದಿ ಇದ್ದರೂ ತಮ್ಮನೇ ನೋಡಿ ಹೇಳಬೇಕು.

ಆಮೇಲೆ ಯೋಜನೆಗಳು.

ನಕಲಿ ವಿಡಿಯೊ ಎಂಬ ದೂರು ಎಲ್ಲಕ್ಕಿಂತ ಅಪಾಯದ್ದು. ಗೊತ್ತಿದ್ದೂ ಸುಳ್ಳು ದೂರು ಕೊಡುವುದು ಬೇರೆಯೇ ಅಪರಾಧ. ದೂರು ಕೊಟ್ಟರೆ ವಿಡಿಯೊ ತೆಗೆದ ಫೋನು, ಆ ಕೋಣೆಯಲ್ಲಿದ್ದವರು, ಹೋಟೆಲಿನ ದಾಖಲೆ ಎಲ್ಲವೂ ತನಿಖೆಗೆ ಬರುತ್ತವೆ. ಅದಕ್ಕಿಂತ ಹೆಚ್ಚಾಗಿ, ಊರಿನವರು ಪುಡಿಯ ವಿಷಯವನ್ನು ಒಂದು ವರ್ಷದಲ್ಲಿ ಮರೆತಾರು, ಮುಖಕ್ಕೆ ಹೇಳಿದ ಸುಳ್ಳನ್ನು ಮರೆಯುವುದಿಲ್ಲ.

ಮೂತ್ರ ಪರೀಕ್ಷೆಯಿಂದ ಏನೂ ಸಿದ್ಧವಾಗುವುದಿಲ್ಲ. ಮೂತ್ರದಲ್ಲಿ ಕೊಕೇನಿನ ಅಂಶ ಸಾಮಾನ್ಯವಾಗಿ 2ರಿಂದ 4 ದಿನ ಸಿಗುತ್ತದೆ. ಗಾಂಜಾ ಆದರೆ ಒಮ್ಮೆ ಸೇದಿದವರಲ್ಲಿ ಸುಮಾರು 3 ದಿನ, ದಿನವೂ ಸೇದುವವರಲ್ಲಿ ಒಂದು ತಿಂಗಳವರೆಗೂ ಸಿಗಬಹುದು. ವಾರ ಕಳೆದ ಮೇಲೆ ತಂದ ‘ನೆಗೆಟಿವ್’ ವರದಿ ಈ ವಾರದ ಮಾತನ್ನಷ್ಟೇ ಹೇಳೀತು. ಇನ್ನೂರು ಜನರ ಗುಂಪಿನಲ್ಲಿ ಒಬ್ಬ ನರ್ಸೋ ಲ್ಯಾಬ್ ಟೆಕ್ನಿಷಿಯನ್ನೋ ಇದ್ದೇ ಇರುತ್ತಾರೆ. ‘ಇದು ಯಾವ ದಿನದ ಸ್ಯಾಂಪಲ್?’ ಎಂಬ ಒಂದು ಸಾಲು ಸಾಕು, ವರದಿ ತಿರುಗುಬಾಣವಾಗುತ್ತದೆ. ಇನ್ನೊಂದು ತೊಂದರೆಯೂ ಇದೆ: ಒಮ್ಮೆ ವರದಿ ಹಾಕಿದವರಿಂದ ಪ್ರತಿ ತಿಂಗಳೂ ವರದಿ ಕೇಳುತ್ತಾರೆ, ಆರೋಗ್ಯ ಸಾರ್ವಜನಿಕ ಚರ್ಚೆಯ ವಸ್ತುವಾಗುತ್ತದೆ.

ಪತ್ರ ಕೊಡಲಿಲ್ಲ. ಚಟ ಇಲ್ಲ ಎಂದು ಬರೆದುಕೊಡುವುದು ಚಿಕಿತ್ಸಕರ ಕೆಲಸವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ಮಾಹಿತಿಗೆ ಗೌಪ್ಯತೆಯ ಹಕ್ಕು ಕೊಟ್ಟಿದೆ. ಆ ಹಕ್ಕನ್ನು ಅಧ್ಯಕ್ಷರೇ ಭಯದಲ್ಲಿ ಬಿಟ್ಟುಕೊಡುವುದು ತರವಲ್ಲ. ಕೊಡಬಹುದಾದದ್ದು ಒಂದೇ ಸಾಲು, ಅದೂ ಅವರ ಲಿಖಿತ ಒಪ್ಪಿಗೆಯ ಮೇಲೆ: ‘ಇವರು ನಿಗದಿತ ಭೇಟಿಗಳಿಗೆ ಹಾಜರಾಗುತ್ತಿದ್ದಾರೆ.’ ರೋಗದ ಹೆಸರು, ಪರೀಕ್ಷೆಯ ಫಲ ಅದರಲ್ಲಿ ಇರುವುದಿಲ್ಲ.

ಎರಡನೇ ಭೇಟಿಯಲ್ಲಿ, ಗೋವಾಕ್ಕೆ ಹೋದವರು ಯಾರ್‍ಯಾರು ಎಂದು ಕೇಳಿದಾಗ ನಿಜವಾದ ವಿಷಯ ಹೊರಬಿತ್ತು. ಕಾರಿನಲ್ಲಿ ಕ್ಲಬ್ಬಿನ 19 ವರ್ಷದ ರೈಡರ್ ಕೂಡ ಇದ್ದ. “ನಾ ಒತ್ತಾಯ ಮಾಡ್ಲಿಲ್ಲ ಸರ್. ಅಣ್ಣಾ ನಂಗೂ ಸ್ವಲ್ಪ ಅಂದ.”

‘ಇದು ನನ್ನ ಖಾಸಗಿ ಶನಿವಾರ’ ಎಂಬ ವಾದ ನಿಲ್ಲುವುದು ಇಲ್ಲಿಯ ತನಕ ಮಾತ್ರ. ಯಾರನ್ನು ತಂಡದಲ್ಲಿ ಆಡಿಸಬೇಕು, ಜಿಲ್ಲಾ ಆಯ್ಕೆಗೆ ಯಾರ ಹೆಸರು ಕಳಿಸಬೇಕು ಎಂದು ತೀರ್ಮಾನಿಸುವ ವ್ಯಕ್ತಿ ಕೋಣೆಯಲ್ಲಿ ಕೂತಿರುವಾಗ ಆ ಹುಡುಗನ ‘ನಂಗೂ ಸ್ವಲ್ಪ’ ಎಂಬುದು ಸ್ವತಂತ್ರ ಆಯ್ಕೆಯಲ್ಲ. ಬೇಡ ಎಂದರೆ ಅಣ್ಣ ಬೇಜಾರಾದಾರು ಎಂಬ ಅಳುಕು ಅದರಲ್ಲಿ ಇದ್ದೇ ಇದೆ. ಕಾನೂನಿನಲ್ಲೂ ಸೇವಿಸುವುದು ಬೇರೆ, ಇನ್ನೊಬ್ಬರಿಗೆ ಕೊಡುವುದು ಬೇರೆ. ಹುಡುಗ 18 ತುಂಬದವನಾಗಿದ್ದರೆ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ ಮಗುವಿಗೆ ಮಾದಕ ವಸ್ತು ಕೊಟ್ಟದ್ದಕ್ಕೆ 7 ವರ್ಷದವರೆಗೆ ಕಠಿಣ ಸೆರೆಮನೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ಆಗಬಹುದಿತ್ತು. ಅಧ್ಯಕ್ಷರು ಈ ಮಾತಿಗೆ ತುಂಬ ಹೊತ್ತು ಉತ್ತರ ಕೊಡಲಿಲ್ಲ. ‘ಇವ್ರಿಗೆಲ್ಲ ಎಂತಕ್ಕೆ ಉತ್ರ’ ಎಂಬ ಪ್ರಶ್ನೆಯನ್ನು ಮತ್ತೆ ಎತ್ತಲೂ ಇಲ್ಲ.

ಹುಡುಗನ ವಿಷಯದಲ್ಲಿ ಕೊಟ್ಟ ಸಲಹೆ ಕಟ್ಟುನಿಟ್ಟಿನದು. ಅಧ್ಯಕ್ಷರು ಅವನಿಗೆ ಕರೆ ಮಾಡಬಾರದು, ದುಡ್ಡು ಕಳಿಸಬಾರದು, ‘ಏನೂ ಹೇಳಬೇಡ ತಮ್ಮಾ’ ಎಂದು ಯಾರ ಮೂಲಕವೂ ಹೇಳಿಸಬಾರದು. ಅದು ಸಾಕ್ಷಿಯ ಮೇಲಿನ ಒತ್ತಡವಾಗುತ್ತದೆ. ಹುಡುಗನಿಗೆ ಬೇರೆಯೇ ಆಪ್ತಸಲಹೆಗಾರರು. ಒಬ್ಬರೇ ಇಬ್ಬರನ್ನೂ ನೋಡಿದರೆ ಯಾರ ಗುಟ್ಟೂ ಉಳಿಯುವುದಿಲ್ಲ. ಕಾನೂನು ನೆರವಿನ ಸಹಾಯವಾಣಿ 15100 ಅವನಿಗೆ ತಿಳಿದಿರಬೇಕು. ಆಯ್ಕೆಯ ತೀರ್ಮಾನ ತರಬೇತುದಾರರು ಮತ್ತು ಕ್ಲಬ್ಬಿನ ಹೊರಗಿನ ಇಬ್ಬರು ಹಿರಿಯ ಆಟಗಾರರಿಗೆ ಬಿಡಬೇಕು. ಅವನನ್ನು ಶಿಕ್ಷೆ ಎಂಬಂತೆ ಕೈಬಿಟ್ಟರೂ ತಪ್ಪು, ಬಾಯಿ ಮುಚ್ಚಿಸಲು ಆರಿಸಿದರೂ ತಪ್ಪು.

ಉದ್ದೀಪನ ಮದ್ದಿನ ನಿಯಮವೂ ಅವನಿಗೆ ಗೊತ್ತಿರಲಿಲ್ಲ. ಕೊಕೇನ್, ಎಂಡಿಎಂಎ, ಹೆರಾಯಿನ್, ಗಾಂಜಾದ ಅಮಲಿನ ಅಂಶವಾದ ಟಿಎಚ್‌ಸಿ ಈ ನಾಲ್ಕನ್ನು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ (ವಾಡಾ) 2021ರ ಸಂಹಿತೆಯಿಂದ ‘ದುರ್ಬಳಕೆಯ ವಸ್ತು’ಗಳೆಂದು ಬೇರೆ ಮಾಡಿದೆ. ಸ್ಪರ್ಧೆಯ ಹೊರಗೆ, ಆಟದ ಸಾಮರ್ಥ್ಯಕ್ಕೆ ಸಂಬಂಧವಿಲ್ಲದೆ ಬಳಸಿದ್ದೆಂದು ಆಟಗಾರ ತೋರಿಸಿಕೊಟ್ಟರೆ ನಿಷೇಧ 3 ತಿಂಗಳು. ಒಪ್ಪಿತ ಚಿಕಿತ್ಸಾ ಕಾರ್ಯಕ್ರಮ ಮುಗಿಸಿದರೆ 1 ತಿಂಗಳಿಗೆ ಇಳಿಯಬಹುದು. ‘ಸ್ಪರ್ಧೆಯ ಒಳಗೆ’ ಎಂಬುದು ಪಂದ್ಯದ ಹಿಂದಿನ ರಾತ್ರಿ 11.59ರಿಂದ ಶುರು. ಶುಕ್ರವಾರ ತೆಗೆದುಕೊಂಡದ್ದು ಭಾನುವಾರದ ಪಂದ್ಯದ ಮೂತ್ರದಲ್ಲಿ ಸಿಗುತ್ತದೆ ಎಂದು ಲೆಕ್ಕ ಹಾಕಿ ಹೇಳಿದಾಗ ಹುಡುಗರಿಗೆ ನಾಟುತ್ತದೆ. ಬರೀ ಉಪದೇಶ ನಾಟುವುದಿಲ್ಲ.

ಇನ್ನು ಅಧ್ಯಕ್ಷರು ಊರಿಗೆ ಹೇಳಬೇಕಾದ ಮಾತು. ಇಲ್ಲಿ ವಕೀಲರಿಗೂ ಆಪ್ತಸಲಹೆಗಾರರಿಗೂ ಜಗ್ಗಾಟ ಬರುತ್ತದೆ, ಬರಲೇಬೇಕು. ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಂ ಪ್ರಕಾರ ಕೊಕೇನ್ ಸೇವನೆಗೆ 1 ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬರೆದು ಒಪ್ಪಿಕೊಂಡದ್ದು ನಾಳೆ ಅವರ ವಿರುದ್ಧವೇ ಬಳಕೆಯಾಗಬಹುದು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತ ಮಾಡಕೂಡದು ಎಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಹಾಗಾಗಿ ಎಲ್ಲವನ್ನೂ ಒಪ್ಪಿಕೊಳ್ಳಿ ಎಂದು ಒತ್ತುವುದು ಆಪ್ತಸಲಹೆಯಲ್ಲ. ಆದರೆ ಸುಮ್ಮನಿರುವುದಕ್ಕೂ ಸುಳ್ಳು ಹೇಳುವುದಕ್ಕೂ ನಡುವೆ ಜಾಗ ಇದೆ, ಮಾತು ಆ ಜಾಗದಲ್ಲಿ ನಿಲ್ಲಬೇಕು. ವಕೀಲರು ನೋಡಿ ಒಪ್ಪಿದ ಹೇಳಿಕೆ ಇಷ್ಟೇ:

“ವಿಡಿಯೊ ವಿಷಯದಲ್ಲಿ ಕಾನೂನಿನ ಕಾರಣದಿಂದ ನಾನು ಹೆಚ್ಚು ಮಾತಾಡಲಾರೆ. ಅದು ಸುಳ್ಳು ಎಂದು ನಾನು ಹೇಳುತ್ತಿಲ್ಲ, ಯಾರೂ ನನ್ನ ಪರವಾಗಿ ಹಾಗೆ ಹೇಳುವುದು ಬೇಡ. ಮಕ್ಕಳ ತಂದೆತಾಯಿಗೆ ಆದ ನೋವಿಗೆ ನಾನೇ ಹೊಣೆ. ಇಂದಿನಿಂದ ಅಧ್ಯಕ್ಷತೆ, ಚೆಕ್ ಸಹಿ, ತಂಡದ ಆಯ್ಕೆ ಮೂರರಿಂದಲೂ ದೂರ ಇರುತ್ತೇನೆ. ಕ್ಲಬ್ಬಿನ ಲೆಕ್ಕವನ್ನು ಹೊರಗಿನ ಲೆಕ್ಕಪರಿಶೋಧಕರು ನೋಡಲಿ, ಸಮಿತಿಯ ಪ್ರಶ್ನೆಗಳಿಗೆ ಸಭೆಯಲ್ಲಿ ಉತ್ತರಿಸುತ್ತೇನೆ.”

ಮೊದಲ ಕರಡಿನಲ್ಲಿ ‘ಕೆಲಸದ ಒತ್ತಡದಿಂದ’, ‘ವೈರಿಗಳ ಪಿತೂರಿ’, ‘ಯಾರಿಗಾದರೂ ನೋವಾಗಿದ್ದರೆ’ ಎಂಬ ಮಾತುಗಳಿದ್ದವು. ಮೂರನ್ನೂ ತೆಗೆಸಲಾಯಿತು. ನೋವಾಗಿದೆ, ‘ಆಗಿದ್ದರೆ’ ಎಂಬುದು ಕೇಳುವವರಿಗೆ ಕೆಣಕಿದಂತೆ ಆಗುತ್ತದೆ. ಹೇಳಿಕೆಯನ್ನು ಓದಿ ಹೇಳಬೇಕು, ವಿಡಿಯೊ ಮಾಡಿ ಹಾಕಬಾರದು, ಕೆಳಗೆ ಬರುವ ಟೀಕೆಗಳಿಗೆ ಉತ್ತರಿಸಬಾರದು. ಹೊರಗಿನವರಿಗಿಂತ ಮೊದಲು ಪಿಯುಸಿ ಓದುವ ಮಗನಿಗೆ ಹೇಳಬೇಕು ಎಂದೂ ಸೂಚಿಸಲಾಯಿತು. ಅವನು ತರಗತಿಯ ಗುಂಪಿನಿಂದ ಆಗಲೇ ಹೊರಬಂದಿದ್ದ. ಹೆಂಡತಿಗೆ ಪ್ರತ್ಯೇಕ ಭೇಟಿ ಇತ್ತು. ಮೀನು ಪೇಟೆಯಲ್ಲಿ, ದೇವಸ್ಥಾನದಲ್ಲಿ ಕೇಳುವವರಿಗೆ ಅವರು ಆರಿಸಿಕೊಂಡ ಉತ್ತರ: “ಅದನ್ನ ಅವ್ರ ಹತ್ರಾನೇ ಕೇಳಿ, ನಾ ಹೇಳೂದಲ್ಲ.” ಗಂಡನ ಪರವಾಗಿ ಊರಿಗೆ ಸಮಜಾಯಿಷಿ ಕೊಡುವ ಹೊರೆ ಅವರದಲ್ಲ.

ವಕೀಲರ ಕಡೆಯಿಂದ ಇನ್ನೊಂದು ಬೇಡಿಕೆ ಬಂತು: ಇವರು ವ್ಯಸನಿ ಎಂದು ಬರೆದುಕೊಡಿ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರುವ ಸಂಸ್ಥೆಯಲ್ಲಿ ತಾನಾಗಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹಿಂದಕ್ಕೆ ಹೋಗಬಹುದು. ಕೊಕೇನಿನ ಅಲ್ಪ ಪ್ರಮಾಣ 2 ಗ್ರಾಂ. ಆದರೆ ಕಾಯ್ದೆಯ ಪ್ರಕಾರ ವ್ಯಸನಿ ಎಂದರೆ ವಸ್ತುವಿಗೆ ಅವಲಂಬಿತನಾದವನು. ಆಗೊಮ್ಮೆ ಈಗೊಮ್ಮೆ ಬಳಸುವವರನ್ನು ಅನುಕೂಲಕ್ಕಾಗಿ ವ್ಯಸನಿ ಎಂದು ಬರೆದುಕೊಡಲಾಗದು. ಅವಲಂಬನೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಮನೋವೈದ್ಯರು. ಅಧ್ಯಕ್ಷರನ್ನು ಸರ್ಕಾರಿ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಕಳಿಸಲಾಯಿತು. ಈ ಕಡೆಯವರಿಗೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಕ್ರಿಮ್ಸ್ ಹತ್ತಿರ, ದಾಖಲಾಗಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ.

ಮದ್ಯ, ಮಾದಕ ವಸ್ತು ಬಳಕೆಯ ಅಪಾಯ ಅಳೆಯುವ ವಿಶ್ವ ಆರೋಗ್ಯ ಸಂಸ್ಥೆಯ ಅಸಿಸ್ಟ್ ಪ್ರಶ್ನಾವಳಿಯಲ್ಲಿ ಅಧ್ಯಕ್ಷರಿಗೆ ಕೊಕೇನಿಗೆ 12 ಅಂಕ, ಮದ್ಯಕ್ಕೆ 22 ಬಂತು. ಮಾದಕ ವಸ್ತುಗಳಿಗೆ 4ರಿಂದ 26, ಮದ್ಯಕ್ಕೆ 11ರಿಂದ 26 ಮಧ್ಯಮ ಅಪಾಯದ ಮಟ್ಟ. 27 ಅಥವಾ ಹೆಚ್ಚು ಬಂದರೆ ತೀವ್ರ. ಮದ್ಯದ ಅಂಕ ಕೊಕೇನಿನದಕ್ಕಿಂತ ತೀವ್ರ ಮಟ್ಟಕ್ಕೆ ಹತ್ತಿರ ಇದ್ದದ್ದು ಅವರಿಗೆ ಆಶ್ಚರ್ಯ. ಆದರೆ ಬಳಕೆಯ ಸರಣಿ ಬರೆದಾಗ ಪ್ರತಿ ಬಾರಿಯೂ ಒಂದೇ ಕ್ರಮ: ವ್ಯಾಪಾರಕ್ಕೆಂದು ಗೋವಾ, ಅದೇ ಇಬ್ಬರು ಸ್ನೇಹಿತರು, ಮೂರನೇ ಪೆಗ್ ಆದ ಮೇಲೆ ಪುಡಿ. ಕುಡಿಯದೆ ಇದ್ದ ದಿನ ಪುಡಿ ಒಮ್ಮೆಯೂ ಇಲ್ಲ. ಮದ್ಯವೂ ಕೊಕೇನೂ ಕೂಡಿದರೆ ಯಕೃತ್ತಿನಲ್ಲಿ ಕೋಕಾಎಥಿಲಿನ್ ಎಂಬ ಮೂರನೇ ವಸ್ತು ಹುಟ್ಟಿ, ಕೊಕೇನಿಗಿಂತ ಹೆಚ್ಚು ಹೊತ್ತು ಉಳಿದು ಹೃದಯಕ್ಕೆ ಒತ್ತಡ ಕೊಡುತ್ತದೆ. ಬಿಪಿ ಇರುವವರಿಗೆ ಇದು ಆಟವಲ್ಲ. ಎದೆ ನೋವು ಬಂದರೆ ಗ್ಯಾಸ್ ಎಂದು ಸೋಡಾ ಕುಡಿದು ಮಲಗಬೇಡಿ, 108ಕ್ಕೆ ಕರೆ ಮಾಡಿ, ವೈದ್ಯರಿಗೆ ಕೊಕೇನ್ ತೆಗೆದುಕೊಂಡದ್ದನ್ನು ಹೇಳಿ ಎಂದು ವಿವರಿಸಲಾಯಿತು. ಅದು ತಿಳಿದರೆ ಹೃದಯ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಗುಂಪಿನ ಔಷಧವನ್ನು ಅವರು ಯೋಚಿಸಿ ಬಳಸುತ್ತಾರೆ.

ಯೋಜನೆ ಸರಳವಾಗಿತ್ತು. ಆರು ತಿಂಗಳು ಮದ್ಯವೂ ಇಲ್ಲ. ಗೋವಾಕ್ಕೆ ಬೆಳಿಗ್ಗೆ ಹೋಗಿ ಸಂಜೆ ವಾಪಸ್, ಜೊತೆಗೆ ಅಂಗಡಿಯ ಹುಡುಗ ಬೇಡ, ತಮ್ಮ. ಆ ಇಬ್ಬರು ಸ್ನೇಹಿತರಿಗೆ ಫೋನಿನಲ್ಲಿ ಒಂದೇ ಮಾತು, ವಾದ ಬೇಡ. ಆಸೆ ಏರಿದಾಗ ಅದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಷ್ಟು ಹೊತ್ತು ಜಾಗ ಬದಲಿಸಿ, ಊಟ ಮಾಡಿ, ಮನೆಗೆ ಕರೆ ಮಾಡಿ. (ದಿನವೂ ಕುಡಿಯುವವರು ಹೀಗೆ ಒಮ್ಮೆಲೇ ಬಿಡಬಾರದು. ಫಿಟ್ಸ್ ಬರುವ ಅಪಾಯವಿದೆ, ವೈದ್ಯರ ನಿಗಾ ಬೇಕು. ಇವರು ವಾರಾಂತ್ಯದವರು.) ಮೂರನೇ ತಿಂಗಳಲ್ಲಿ ಒಂದು ಮದುವೆಯಲ್ಲಿ ಕುಡಿದರು, ಮರುದಿನವೇ ಬಂದು ಹೇಳಿದರು. ಆ ದಿನದ ಸರಣಿಯನ್ನೂ ಬರೆದು ಯೋಜನೆ ಮುಂದುವರಿಯಿತು.

ಕ್ಲಬ್ಬಿನ ಕಾರ್ಯದರ್ಶಿ, ಅಧ್ಯಕ್ಷರ ಒಪ್ಪಿಗೆಯ ಮೇಲೆ, ಒಮ್ಮೆ ಬಂದಿದ್ದರು. ಸಮಿತಿ ಏನು ಕೇಳಬಹುದು ಎಂಬುದೇ ಅವರ ಗೊಂದಲ. ಕೇಳಬೇಕಾದದ್ದು: ಆ ಪ್ರವಾಸಕ್ಕೆ ಕ್ಲಬ್ಬಿನ ಹಣ, ವಾಹನ ಬಳಸಿದ್ದೀರಾ, ಆಟಗಾರರು ಜೊತೆಗಿದ್ದರೇ, ರಸೀದಿ ಪುಸ್ತಕಗಳು ಎಲ್ಲಿವೆ, ಎಷ್ಟು ಕಾಲ ದೂರ ಇರುತ್ತೀರಿ. ಕೇಳಬಾರದ್ದು: ಯಾವ ವೈದ್ಯರು, ಯಾವ ಮಾತ್ರೆ, ಪರೀಕ್ಷೆಯ ವರದಿ. ಠರಾವಿನಲ್ಲಿ ವಿಡಿಯೊದ ವರ್ಣನೆ ಬೇಡ. ಬೈಲಾದ ಪ್ರಕಾರ ನೋಟಿಸು ಕೊಟ್ಟ ಸಭೆ, ಅಧಿಕಾರ ಯಾರಿಗೆ ವರ್ಗವಾಯಿತು, ಯಾವ ದಿನಾಂಕದಿಂದ, ಪುನರ್ವಿಮರ್ಶೆ ಯಾವ ಸಭೆಯಲ್ಲಿ ಎಂದಷ್ಟೇ ಇರಲಿ. ಠರಾವಿನ ಪ್ರತಿ ಅದೇ ವಾರ ಬ್ಯಾಂಕಿಗೆ ಹೋಗಲಿ. ಸಹಿ ಬದಲಾಗದೆ ಇದ್ದರೆ ‘ದೂರ ಇದ್ದೇನೆ’ ಎಂಬುದು ಬಾಯಿಮಾತಾಗುತ್ತದೆ.

“ನಮ್ ಹುಡ್ಗನ್ನ ಕಳ್ಸೂದೋ ಬಿಡೂದೋ?” ಎಂದು ತಾಯಂದಿರು ಕೇಳುತ್ತಿದ್ದರು. ಅವರಿಗೆ ಕ್ಲಬ್ಬು ಬರೆದು ಕೊಟ್ಟ ನಿಯಮಗಳು: ಹೊರಊರಿನ ಪ್ರತಿ ಪ್ರವಾಸಕ್ಕೂ ಇಬ್ಬರು ಹಿರಿಯರು, ಅದರಲ್ಲಿ ಒಬ್ಬರು ಪೋಷಕರು, ಪದಾಧಿಕಾರಿಗಳ ಖಾಸಗಿ ಕಾರಿನಲ್ಲಿ ಆಟಗಾರರು ಒಬ್ಬೊಬ್ಬರೇ ಹೋಗುವಂತಿಲ್ಲ, ದೂರು ಇದ್ದರೆ ಸಮಿತಿಯಲ್ಲಿಲ್ಲದ ಒಬ್ಬ ನಿವೃತ್ತ ಶಿಕ್ಷಕಿಗೆ ಹೇಳಬಹುದು. ಜೂನ್ 26ರ ಪ್ರತಿಜ್ಞೆಯನ್ನು ಆ ವರ್ಷ ಕೈಬಿಟ್ಟರು. ಬದಲಿಗೆ ಒಂದು ಗಂಟೆ ಮಕ್ಕಳು ಚೀಟಿಯಲ್ಲಿ ಪ್ರಶ್ನೆ ಬರೆದು ಹಾಕುವುದು, ಆಸ್ಪತ್ರೆಯಿಂದ ಬಂದವರು ಉತ್ತರಿಸುವುದು, ವ್ಯಸನಮುಕ್ತಿ ಸಹಾಯವಾಣಿ 14446ನ್ನು ಅಂಗಣದ ಗೋಡೆಯ ಮೇಲೆ ಬರೆಸುವುದು. ಮೊದಲ ಚೀಟಿಯಲ್ಲಿ ಅಧ್ಯಕ್ಷರ ಬಗ್ಗೆಯೇ ಪ್ರಶ್ನೆ ಬರುತ್ತದೆಂದು ತರಬೇತುದಾರರಿಗೆ ಮೊದಲೇ ಹೇಳಿಡಲಾಗಿತ್ತು, ಕೊಡಬೇಕಾದ ಉತ್ತರವೂ ಸಿದ್ಧವಿತ್ತು: “ಅವರು ಹುದ್ದೆಯಿಂದ ದೂರ ಇದ್ದಾರೆ, ಅದು ಸಮಿತಿಯ ತೀರ್ಮಾನ. ಅವರ ಆರೋಗ್ಯದ ಮಾತು ನಾವು ಇಲ್ಲಿ ಆಡುವುದಿಲ್ಲ. ನಿಮಗೆ ಯಾರಾದರೂ ಏನಾದರೂ ಕೊಟ್ಟರೆ ಯಾರಿಗೆ ಹೇಳಬೇಕು ಎಂದು ಈಗ ನೋಡೋಣ.”